ಕಲಬುರಗಿಯ ಬಿಸಿಲು, ಕರೆಂಟು, ಧೂಳು ಲೆಕ್ಕಕ್ಕೆ ಹಿಡಿದು ಮೊದಲ ಡೆಸ್ಕ್‌ಟಾಪ್‌ಗೆ ಭಾಗ ಆರಿಸುವ ಬಗೆ

ಅಕ್ಕನ ಮಗಳು ಪಿಡಿಎ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದ ವರ್ಷ ಒಂದು ಚೀಟಿ ಹಿಡಿದು ಮನೆಗೆ ಬಂದಳು. ಮೇಲೆ ಗ್ರಾಫಿಕ್ಸ್ ಕಾರ್ಡ್, ಅದರ ಕೆಳಗೆ ಪ್ರೊಸೆಸರ್, ರ್ಯಾಮ್, ಬಣ್ಣದ ದೀಪ ಬೆಳಗುವ ಕ್ಯಾಬಿನೆಟ್. ಕಡೆಯ ಸಾಲಿನಲ್ಲಿ ‘ಎಸ್‌ಎಂಪಿಎಸ್ – ಯಾವುದಾದ್ರೂ’ ಅಂತ ಬರೆದಿತ್ತು. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಹದಮಾಡಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬಿ. ಯುಪಿಎಸ್ ಹೆಸರೇ ಇರಲಿಲ್ಲ. "ಮಾಮಾ, ದುಡ್ಡು ಸಾಲಲ್ಲ. ಇದರಾಗ ಯಾವುದು ಕಡಿಮಿ ಮಾಡ್ಲಿ?" ಅಂದಳು. ನಾನು ಚೀಟಿಯನ್ನು ತಲೆಕೆಳಗು ತಿರುಗಿಸಿ ಅವಳ ಕೈಗೆ ಕೊಟ್ಟೆ. "ಹಿಂಗ ಓದು. ಕೆಳಗಿಂದ ಶುರು ಮಾಡು."

ಅದಕ್ಕೆ ಕಾರಣ ಇದೆ. ನನ್ನ ಮೊದಲ ಕಂಪ್ಯೂಟರ್ ಮೇ ತಿಂಗಳ ಒಂದು ಮಧ್ಯಾಹ್ನ ಸತ್ತುಹೋಯಿತು. ಲೈಟ್ ಹೋಗಿ ಬಂದು, ಮತ್ತೆ ಹೋಗಿ ಬಂತು. ಎರಡನೇ ಸಲ ಬಂದಾಗ ಸುಟ್ಟ ವಾಸನೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಕೊಟ್ಟಿದ್ದ ಎಸ್‌ಎಂಪಿಎಸ್ ಹೋಗುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೇ ಒಯ್ದಿತ್ತು. ಡಿಸ್ಕಿನಲ್ಲಿ ನಮ್ಮ ಆಯಿಯ ಫೋಟೊಗಳಿದ್ದವು. ಬೋರ್ಡು ಮತ್ತೆ ತರಬಹುದು, ಆ ಫೋಟೊ ಎಲ್ಲಿಂದ ತರುವುದು?

ಬೆಂಗಳೂರಿನಲ್ಲಿ ಎಸಿ ಇಲ್ಲದೆಯೂ ತಂಪಾಗಿರುವ ಕೋಣೆಯಲ್ಲಿ ಕೂತು ಮಾಡಿದ ವಿಡಿಯೊ ನೋಡಿ ನಾವು ಭಾಗ ಆರಿಸುತ್ತೇವೆ. ನಮ್ಮಲ್ಲಿ ಬೇಸಿಗೆಗೆ 42, 43 ಡಿಗ್ರಿ. ಎರೆ ಮಣ್ಣಿನ ಸಣ್ಣ ಧೂಳು. ಸೇಡಂ, ವಾಡಿ ಕಡೆಯಾದರೆ ಸಿಮೆಂಟಿನ ಪುಡಿಯೂ ಸೇರಿರುತ್ತದೆ. ಹೀಗಾಗಿ ನನ್ನ ಕ್ರಮದಲ್ಲಿ ಗೋಡೆಯ ಪ್ಲಗ್ ಮೊದಲು, ಗ್ರಾಫಿಕ್ಸ್ ಕಾರ್ಡ್ ಕೊನೆಗೆ.

ಹೆಜ್ಜೆ 1: ಕೆಲಸ ಬರೆಯಿರಿ, ದುಡ್ಡು ಹಂಚಿರಿ

ಒಂದು ಹಾಳೆಯಲ್ಲಿ ಈ ಕಂಪ್ಯೂಟರ್ ಮೇಲೆ ಮುಂದಿನ ಮೂರು ವರ್ಷ ಏನು ಮಾಡುತ್ತೀರಿ ಅಂತ ಬರೆಯಿರಿ. ‘ಎಲ್ಲಾ’ ಅಂತ ಬರೆಯಬೇಡಿ. ‘ನುಡಿ’ ತಂತ್ರಾಂಶದಲ್ಲಿ ಟೈಪಿಂಗ್, ಟ್ಯಾಲಿ, ಆನ್‌ಲೈನ್ ಅರ್ಜಿ ತುಂಬುವ ಕೆಲಸಕ್ಕೆ ಒಂದು ಬಗೆ. ಆಟೊಕ್ಯಾಡ್, ಪ್ರೋಗ್ರಾಮಿಂಗಿಗೆ ಇನ್ನೊಂದು. ವಿಡಿಯೊ ಎಡಿಟಿಂಗ್, ಗೇಮಿಗೆ ಮತ್ತೊಂದು.

ಕೈಲಿರುವ ಹಣದಲ್ಲಿ ಮೊದಲು ಎಸ್‌ಎಂಪಿಎಸ್, ಯುಪಿಎಸ್, ಮಾನಿಟರ್, ಕೀಬೋರ್ಡ್, ಮೌಸಿನ ಪಾಲು ಎತ್ತಿಡಿ. ಉಳಿದದ್ದೇ ನಿಮ್ಮ ನಿಜವಾದ ಬಜೆಟ್. ಮೊದಲ ಸಲ ಕೊಳ್ಳುವವರು ಪೆಟ್ಟಿಗೆಯೊಳಗಿನ ಭಾಗಕ್ಕೇ ಪೂರ್ತಿ ಹಣ ಸುರಿದು, ಮಾನಿಟರ್‌ಗೆ ಸಾಲ ಮಾಡಿದ್ದನ್ನು ಬಹಳ ಸಲ ನೋಡಿದ್ದೇನೆ. ಬೆಲೆಗಳನ್ನು ಇಲ್ಲಿ ಬರೆದಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್ಪುಗಳು ಎಐ ಡೇಟಾ ಸೆಂಟರ್‌ಗಳ ಪಾಲಾಗಿ ರ್ಯಾಮ್ ಬೆಲೆ ವಿಪರೀತ ಏರಿತು; ಇವತ್ತು ಬರೆದ ಅಂಕಿ ಮುಂದಿನ ತಿಂಗಳು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಕೊಳ್ಳುವ ವಾರವೇ ಮೂರು ಕಡೆ ಕೇಳಿ.

ಹೆಜ್ಜೆ 2: ಗೋಡೆಯ ಪ್ಲಗ್ ನೋಡಿರಿ

ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇರುತ್ತದೆ, ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದರೆ ಝುಮ್ಮೆನ್ನುವುದು ಇದರ ಗುರುತು. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ ಸೋಸಲು ಎರಡು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಹೊರಟು ಎರಡೂ ಕಬ್ಬಿಣದ ಮೈಗೆ ಸೇರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಆ ಮೈ 230 ವೋಲ್ಟಿನ ಅರ್ಧದಷ್ಟರಲ್ಲಿ, ಸುಮಾರು 115ರಲ್ಲಿ ತೂಗುತ್ತಿರುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದು, ಆದರೂ ಯುಎಸ್‌ಬಿ ಅಥವಾ ಎಚ್‌ಡಿಎಂಐ ತಂತಿ ಚುಚ್ಚುವ ಹೊತ್ತಿಗೆ ಪೋರ್ಟ್ ಸುಡಲು ಅಷ್ಟು ಸಾಕಾಗಬಹುದು.

ಎಲೆಕ್ಟ್ರಿಷಿಯನ್ನನ್ನು ಕರೆದು ಮಲ್ಟಿಮೀಟರ್ ಹಿಡಿಸಿ. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್–ಅರ್ಥ್ ನಡುವೆಯೂ ಹತ್ತಿರ ಹತ್ತಿರ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬೇಕು. ಕೊನೆಯದು ಐದು ದಾಟಿದರೆ ಅರ್ಥಿಂಗ್ ಸರಿಯಿಲ್ಲ ಅಂತಲೇ ಹಿಡಿಯಿರಿ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುವುದು ನಿಮಗೆ ಗೊತ್ತು. ಅರ್ಥಿಂಗ್ ಗುಂಡಿಯ ಮಣ್ಣೂ ಹಾಗೆಯೇ ಒಣಗಿ ಸರಳಿನಿಂದ ದೂರ ಸರಿಯುತ್ತದೆ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಆಗಾಗ ಎರಡು ಕೊಡ ನೀರು ಹಾಕಿರಿ.

ಅಕ್ಕನ ಮನೆಯಲ್ಲಿ ಇದನ್ನೇ ಮಾಡಿಸಿದ ಮೇಲೆ ಅವಳ ಹಳೆಯ ಮಾನಿಟರಿನ ಝುಮ್ಮನೆಯೂ ನಿಂತಿತು.

ಹೆಜ್ಜೆ 3: ಎಸ್‌ಎಂಪಿಎಸ್

ಇಲ್ಲಿ ನಿಧಾನವಾಗಿ ಓದಿರಿ. ನಿಮ್ಮ ಕಂಪ್ಯೂಟರಿನ ಆಯುಷ್ಯ ಬಹುಪಾಲು ಈ ಡಬ್ಬಿಯ ಮೇಲೆ ನಿಂತಿದೆ.

ಮೊದಲು ಮೈಮೇಲಿನ ಪಟ್ಟಿ ನೋಡಿ. ದೊಡ್ಡಕ್ಷರದಲ್ಲಿ ‘450 ವ್ಯಾಟ್’ ಅಂತ ಇರುತ್ತದೆ, ಅದನ್ನು ನಂಬಬೇಡಿ. ಕೋಷ್ಟಕದಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಬರೆದಿದೆ ಹುಡುಕಿ, 12ರಿಂದ ಗುಣಿಸಿ. ಇವತ್ತಿನ ಕಂಪ್ಯೂಟರಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟಿನಿಂದಲೇ ಉಣ್ಣುತ್ತವೆ. 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. 450 ಅಂತ ಹೇಳಿಕೊಳ್ಳುವ ಡಬ್ಬಿಯ ಮೇಲೆ 16 ಆಂಪಿಯರ್ ಇದ್ದರೆ ಲೆಕ್ಕ ಬರೀ 192ಕ್ಕೆ ನಿಲ್ಲುತ್ತದೆ. ಅಂಗಡಿಯಲ್ಲಿ ನಿಂತೇ ಈ ಗುಣಾಕಾರ ಮಾಡಿ, ಮುಜುಗರ ಪಡಬೇಡಿ.

ಎರಡನೆಯದು ಇನ್‌ಪುಟ್ ವೋಲ್ಟೇಜ್. ‘100–240’ ಅಂತ ಇರುವುದನ್ನೇ ತಗೊಳ್ಳಿ. ‘200–240’ ಅಂತಿದ್ದರೆ ಹಳ್ಳಿಗಳಲ್ಲಿ ಪಂಪ್‌ಸೆಟ್ ಶುರುವಾಗಿ ವೋಲ್ಟೇಜ್ 170ಕ್ಕೆ ಇಳಿದಾಗ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ನೀವು ರ್ಯಾಮ್ ಕೆಟ್ಟಿದೆ ಅಂದುಕೊಂಡು ಅಂಗಡಿ ಅಲೆಯುತ್ತೀರಿ. ಜೇವರ್ಗಿ ಕಡೆಯ ಒಬ್ಬ ಗೆಳೆಯ ಇದೇ ತೊಂದರೆಗೆ ಎರಡು ಸಲ ರ್ಯಾಮ್ ಬದಲಿಸಿದ್ದ. ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಪೂರ್ಣ ಶ್ರೇಣಿಯ ಎಸ್‌ಎಂಪಿಎಸ್‌ಗೆ ಬೇರೆ ಸ್ಟೆಬಿಲೈಸರ್ ಬೇಕಿಲ್ಲ.

ಮೂರನೆಯದನ್ನು ಯಾರೂ ಹೇಳುವುದಿಲ್ಲ, ನಮಗೆ ಬಹಳ ಮುಖ್ಯ. ಡಬ್ಬಿಯ ವ್ಯಾಟ್ ಎಷ್ಟು ಡಿಗ್ರಿಯಲ್ಲಿ ಅಳೆದದ್ದು? ಕೆಲವನ್ನು 40 ಡಿಗ್ರಿಗೆ, ಒಳ್ಳೆಯವನ್ನು 50 ಡಿಗ್ರಿಗೆ ಅಳೆದಿರುತ್ತಾರೆ. ಕಂಪನಿಯ ವೆಬ್‌ಸೈಟಿನಲ್ಲಿ ಬರೆದಿರುತ್ತದೆ. ನಮ್ಮ ಕೋಣೆಯೇ ಮೇನಲ್ಲಿ 40ರ ಹತ್ತಿರ, ಕ್ಯಾಬಿನೆಟ್ ಒಳಗೆ ಇನ್ನೂ ಹೆಚ್ಚು. 50 ಡಿಗ್ರಿಯದು ಸಿಕ್ಕರೆ ನೂರಿನ್ನೂರು ಹೆಚ್ಚಾದರೂ ಕೊಡಿ.

‘80 ಪ್ಲಸ್ ಬ್ರಾಂಜ್’ ಮುದ್ರೆ ಎಷ್ಟು ಕರೆಂಟ್ ವ್ಯರ್ಥವಾಗದೆ ಒಳಗೆ ಹೋಗುತ್ತದೆ ಅನ್ನುವುದರ ಅಳತೆ. ರಕ್ಷಣೆ, ಬಾಳಿಕೆಯ ಪ್ರಮಾಣಪತ್ರ ಅದಲ್ಲ. ಆದರೂ ಆ ಮುದ್ರೆ, ಮೇಲಿನ ಮೂರು ಪರೀಕ್ಷೆ, ಐದು ವರ್ಷದ ವಾರಂಟಿ ಒಟ್ಟಿಗೆ ಇದ್ದರೆ ಮೊದಲ ಕಂಪ್ಯೂಟರಿಗೆ ಧೈರ್ಯವಾಗಿ ಹಾಕಬಹುದು.

ಎಷ್ಟು ವ್ಯಾಟ್ ಬೇಕು? 65 ವ್ಯಾಟ್ ಅಂತ ಬರೆದ ಎಎಂಡಿ ಪ್ರೊಸೆಸರ್ ಪೂರ್ತಿ ದುಡಿದಾಗ 88ರವರೆಗೆ ಎಳೆಯುತ್ತದೆ. ಇಂಟೆಲ್ ಐ5-12400 ಕೂಡ 65ರದ್ದೇ, ಆದರೆ 117ರವರೆಗೆ ಹೋಗಬಲ್ಲದು. ಆರ್‌ಟಿಎಕ್ಸ್ 4060 ಕಾರ್ಡಿಗೆ 115, ಬೋರ್ಡು, ಫ್ಯಾನು, ಎಸ್‌ಎಸ್‌ಡಿಗೆಲ್ಲ ಸೇರಿ 60 ಹಿಡಿಯಿರಿ. ದೊಡ್ಡ ಲೆಕ್ಕ ಹಾಕಿದರೂ 300 ದಾಟುವುದಿಲ್ಲ. ಅದಕ್ಕೆ 550 ವ್ಯಾಟಿನ ನಿಜವಾದ ಎಸ್‌ಎಂಪಿಎಸ್ ಸಾಕು, ಮುಂದೆ ಕಾರ್ಡ್ ಬದಲಿಸಲೂ ಜಾಗ ಉಳಿಯುತ್ತದೆ. 750 ಕೊಳ್ಳಿರಿ ಅಂತ ಹೇಳುವವರ ಮಾತಿಗೆ ಮರುಳಾಗಬೇಡಿ.

ಹೆಜ್ಜೆ 4: ಯುಪಿಎಸ್, ಇಲ್ಲವೇ ಮನೆಯ ಇನ್ವರ್ಟರ್

ಲೈಟ್ ಹೋದ ಕ್ಷಣದಿಂದ ಎಸ್‌ಎಂಪಿಎಸ್ ತನ್ನ ಹೊಟ್ಟೆಯಲ್ಲಿರುವ ಕರೆಂಟಿನಿಂದ ಸುಮಾರು 16 ಮಿಲಿಸೆಕೆಂಡ್ ತಡೆಯುತ್ತದೆ. ಅಷ್ಟರೊಳಗೆ ಬ್ಯಾಟರಿ ಕೈಹಿಡಿಯಬೇಕು. ಕಂಪ್ಯೂಟರ್ ಯುಪಿಎಸ್‌ಗಳು ಸಾಮಾನ್ಯವಾಗಿ 10 ಮಿಲಿಸೆಕೆಂಡ್ ಒಳಗೇ ಬದಲಾಗುತ್ತವೆ. ಮನೆಯ ಇನ್ವರ್ಟರ್ ‘ನಾರ್ಮಲ್’ ಮೋಡಿನಲ್ಲಿ ಅದಕ್ಕಿಂತ ನಿಧಾನ. ಅದರ ಹಿಂದುಗಡೆ ‘ಯುಪಿಎಸ್’ ಅಂತ ಸ್ವಿಚ್ ಇದ್ದರೆ ಅದಕ್ಕೆ ಹಾಕಿ ನೋಡಿ. ಇನ್ವರ್ಟರ್ ಸೈನ್ ವೇವ್ (ಗೋಡೆಯ ಕರೆಂಟಿನಂಥದೇ ನಯವಾದ ಅಲೆ) ಆಗಿದ್ದರೆ ಮಾತ್ರ ನಂಬಿರಿ. ಸ್ಕ್ವೇರ್ ವೇವ್ ಆಗಿದ್ದರೆ ಆಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್ ಗುಂಯ್‌ಗುಡುತ್ತದೆ, ಕೆಲವು ಸಲ ಬಂದ್ ಆಗುತ್ತದೆ.

ಯುಪಿಎಸ್ ಮೇಲಿನ ‘ವಿಎ’ (ವೋಲ್ಟ್–ಆಂಪಿಯರ್) ಬೇರೆ, ವ್ಯಾಟ್ ಬೇರೆ. 600 ವಿಎ ಅಂದರೆ ಹೆಚ್ಚಾಗಿ 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್, ಮಾನಿಟರ್ ಸೇರಿ ಗೋಡೆಯಿಂದ 200ರ ಒಳಗೇ ಎಳೆಯುತ್ತದೆ, 600 ವಿಎ ಸಾಕು. ಕಾರ್ಡ್ ಹಾಕುವವರು 1000 ವಿಎಗೆ ಹೋಗಿ, ಅದರಲ್ಲಿ 600 ವ್ಯಾಟ್ ಬರೆದಿದೆಯೇ ನೋಡಿ. ಯುಪಿಎಸ್ ಇರುವುದು ಕೆಲಸ ಸೇವ್ ಮಾಡಿ ಬಂದ್ ಮಾಡಲು, ಐದು ಹತ್ತು ನಿಮಿಷಕ್ಕೆ. ಬಿಸಿಲಲ್ಲಿ ಅದರ ಬ್ಯಾಟರಿ ಬೇಗ ಸಾಯುತ್ತದೆ, ಕಿಟಕಿ ಪಕ್ಕ ಇಡಬೇಡಿ.

ಇದರ ಜೊತೆಗೇ ಒಂದು ಮಾತು: ಇಂಟರ್‌ನೆಟ್ ತಂತಿ ಮಾಳಗಿಯ ಮೇಲಿಂದ ತಾಮ್ರದ ಲ್ಯಾನ್ ಕೇಬಲ್ ಆಗಿ ಬರುತ್ತಿದ್ದರೆ, ಸಿಡಿಲಿನ ದಿನ ಅದನ್ನು ಬೋರ್ಡಿನಿಂದ ಕಿತ್ತಿಡಿ. ಪ್ಲಗ್ ತೆಗೆದು ತಂತಿ ಬಿಟ್ಟವರ ಲ್ಯಾನ್ ಪೋರ್ಟ್ ಸುಟ್ಟದ್ದನ್ನು ಕಂಡಿದ್ದೇನೆ.

ಹೆಜ್ಜೆ 5: ಗಾಳಿ ಆಡುವ ಕ್ಯಾಬಿನೆಟ್

ಕೋಣೆ ಎಷ್ಟು ಬಿಸಿಯೋ ಅದರ ಮೇಲೆ ಚಿಪ್ಪಿನ ಬಿಸಿ ಏರಿ ಕೂರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 75 ತೋರಿಸಿದ ಪ್ರೊಸೆಸರ್ ಕೋಣೆಗಿಂತ 50 ಮೇಲಿತ್ತು. ಪ್ರೊಸೆಸರ್ ಮೇಲೆ ಕೂರುವ ಅದೇ ಕೂಲರ್ ಫ್ಯಾನು, ಅದೇ ಕೆಲಸ, ನಮ್ಮ 42 ಡಿಗ್ರಿಯಲ್ಲಿ 92ಕ್ಕೆ ಮುಟ್ಟುತ್ತದೆ. ಎಎಂಡಿಯ ರೈಜೆನ್ 5 5600ಜಿ ಪ್ರೊಸೆಸರ್ ಚಿಪ್ಪಿನ ಮಿತಿ 95. ಮಿತಿ ಹತ್ತಿರ ಬಂದರೆ ಅದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನೀವು ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ.

ಮುಂದೆ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ನೋಡಲು ಚೆಂದ, ನಮ್ಮೂರಿಗೆ ಆಗದು. ಮುಂದೆ ಜಾಳಿಗೆ ಇರಬೇಕು, ಜಾಳಿಗೆಯ ಹಿಂದೆ ಬಿಚ್ಚಿ ತೊಳೆಯಬಹುದಾದ ಧೂಳಿನ ಫಿಲ್ಟರ್ ಇರಬೇಕು. 120 ಮಿ.ಮೀ. ಫ್ಯಾನು ಮುಂದೆ ಎರಡು ಒಳಗೆ ಎಳೆಯಲು, ಹಿಂದೆ ಒಂದು ಹೊರಗೆ ತಳ್ಳಲು. ಒಳಗೆ ಬರುವ ಗಾಳಿ ಹೆಚ್ಚಿದ್ದರೆ ಸಂದಿಗಳಿಂದ ಗಾಳಿ ಹೊರಗೇ ಹೋಗುತ್ತದೆ, ಧೂಳು ಸಂದಿಯಿಂದ ನುಗ್ಗುವುದಿಲ್ಲ, ಫಿಲ್ಟರ್‌ನಲ್ಲೇ ಸಿಕ್ಕಿಬೀಳುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಪರಸಿ ಹಾಸಿದ ನೆಲದ ಮೇಲೆ ಕ್ಯಾಬಿನೆಟ್ ಇಟ್ಟರೆ ತಂಪಾಗಿರುತ್ತದೆ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರೆ. ನೆಲ ತಂಪು ನಿಜ, ಆದರೆ ಕಸ ಹೊಡೆದ ಧೂಳೆಲ್ಲ ಕೆಳಗಿನ ಎಸ್‌ಎಂಪಿಎಸ್ ಫ್ಯಾನಿಗೇ ಹೋಗುತ್ತದೆ. ಒಂದು ಗೇಣು ಎತ್ತರಿಸಿ. ನೀರಿನ ಏರ್ ಕೂಲರ್ ಕೋಣೆ ತಂಪು ಮಾಡಿದರೆ ಕಂಪ್ಯೂಟರಿಗೂ ಒಳ್ಳೆಯದು. ಅದರ ಬಾಯಿ ಮಾತ್ರ ನೇರ ಕ್ಯಾಬಿನೆಟ್ ಕಡೆ ಇರಬಾರದು, ಹನಿಯ ಜೊತೆ ನಮ್ಮ ಗಡಸು ನೀರಿನ ಉಪ್ಪೂ ಒಳಗೆ ಹೋಗುತ್ತದೆ. ಬೀದರಿನವರಿಗೆ ಎತ್ತರದ ನೆಲದ ತಂಪು ಒಂದಿಷ್ಟು ನೆರವಾಗುತ್ತದೆ, ಯಾದಗಿರಿಯವರಿಗೆ ನಮ್ಮದೇ ಪಾಡು.

ಹೆಜ್ಜೆ 6: ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಒಟ್ಟಿಗೆ

ಇವೆರಡನ್ನೂ ಬೇರೆ ಬೇರೆ ಆರಿಸಲಾಗದು, ಸಾಕೆಟ್ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ) ಹೊಂದಬೇಕು.

ಹೆಸರಿನ ಕೊನೆಯ ಅಕ್ಷರ ಓದಲು ಕಲಿಯಿರಿ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಪರದೆಯ ಮೇಲೆ ಏನೂ ಬರುವುದಿಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಇದು ತಿರುವುಮುರುವು: ಸಂಖ್ಯೆಯ ನಂತರ ‘ಜಿ’ ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ. ರೈಜೆನ್ 5 5600ಜಿಯಲ್ಲಿ ಇದೆ, ಬರೀ 5600ರಲ್ಲಿ ಇಲ್ಲ. ಒಂದಿಷ್ಟು ದುಡ್ಡು ಉಳಿಯಿತು ಅಂತ ‘ಎಫ್’ ತಂದು, ಮನೆಯಲ್ಲಿ ಕಪ್ಪು ಪರದೆ ನೋಡುತ್ತಾ ಕೂತವರಿದ್ದಾರೆ. ವೇಗ ಇನ್ನೂ ಏರಿಸಿ ಓಡಿಸಲೆಂದು ಮಾಡಿದ ಇಂಟೆಲ್ ‘ಕೆ’ ಚಿಪ್ಪು ನಮ್ಮ ಬಿಸಿಲಿಗೆ ಬೇಡ.

ನನ್ನ ಸಲಹೆ: ಟೈಪಿಂಗ್, ಟ್ಯಾಲಿಗೆ ನಾಲ್ಕು ಕೋರಿನ (ಚಿಪ್ಪಿನೊಳಗೆ ಒಟ್ಟಿಗೆ ದುಡಿಯುವ ಘಟಕವೇ ಕೋರ್) ಐ3-12100 ಧಾರಾಳ. ಎಂಜಿನಿಯರಿಂಗ್ ಓದುವವರಿಗೆ ಆರು ಕೋರಿನ ಐ5-12400 ಅಥವಾ 5600ಜಿ. ಕಾರ್ಡ್ ಹಾಕದೆ ಸಣ್ಣಪುಟ್ಟ ಗೇಮ್ ಆಡುವುದಿದ್ದರೆ 5600ಜಿ ಮೇಲು, ವಿಡಿಯೊ ಎಡಿಟಿಂಗಿಗೆ ಇಂಟೆಲ್ಲಿನ ಕ್ವಿಕ್ ಸಿಂಕ್ (ವಿಡಿಯೊ ಬೇಗ ಸಿದ್ಧಪಡಿಸಲು ಚಿಪ್ಪಿನೊಳಗೇ ಇರುವ ಸೌಲಭ್ಯ) ನೆರವಾಗುತ್ತದೆ. ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ಇದ್ದು ಕೈಲಿ ಹಣವೂ ಇದ್ದರೆ ಎಎಂಡಿಯ ಹೊಸ ಎಎಂ5 ಸಾಕೆಟ್ ನೋಡಿ. 2022ರಲ್ಲಿ ಬಂದ ಆ ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. ಅದಕ್ಕೆ ಡಿಡಿಆರ್5 ರ್ಯಾಮ್ ಮಾತ್ರ ಆಗುತ್ತದೆ, ಖರ್ಚು ಅಲ್ಲಿ ಏರುತ್ತದೆ. ಇಂಟೆಲ್ಲಿನ ಎಲ್‌ಜಿಎ1700 ಸಾಕೆಟ್ 14ನೇ ತಲೆಮಾರಿಗೇ ಮುಗಿಯಿತು.

ಬೋರ್ಡಿನ ಹೆಸರಿನಲ್ಲಿರುವ ಚಿಪ್‌ಸೆಟ್ ಸಂಖ್ಯೆ ನೋಡಿ: ಮೇಲಿನ ಐ3, ಐ5ಗೆ ಎಚ್610 ಅಥವಾ ಬಿ660, ಎಎಂ4ಗೆ ಎ520 ಅಥವಾ ಬಿ550. ರ್ಯಾಮ್ ಸ್ಲಾಟ್ ಕನಿಷ್ಠ ಎರಡು, ಎಸ್‌ಎಸ್‌ಡಿ ಕೂರುವ ಎಂ.2 ಜಾಗ ಕನಿಷ್ಠ ಒಂದು ಬೇಕು. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಬಹುತೇಕ ವೈಫೈ ಇರುವುದಿಲ್ಲ, ಮೊದಲೇ ಕೇಳಿ. ಹಳೆಯ ಬಿ450 ಬೋರ್ಡಿಗೆ 5000 ಸರಣಿಯ ಚಿಪ್ಪು ಹಾಕುವುದಾದರೆ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಿದೆಯೇ ಅಂತ ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಿ.

ನಾಲ್ಕನೇ ತಲೆಮಾರಿನ ಐ5 ಹಾಕಿದ ‘ರೀಫರ್ಬಿಶ್ಡ್’ ಪೆಟ್ಟಿಗೆಗಳು ಅಗ್ಗಕ್ಕೆ ಸಿಗುತ್ತವೆ. ಅವು 2013ರ ಚಿಪ್ಪುಗಳು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ಲಿನ ಎಂಟನೇ ತಲೆಮಾರಿನಿಂದ ಈಚೆಗಷ್ಟೇ. ಲಿನಕ್ಸ್ ಹಾಕುವುದಾದರೆ ಕೊಳ್ಳಿ, ಇಲ್ಲವಾದರೆ ಬೇಡ.

ಹೆಜ್ಜೆ 7: ರ್ಯಾಮ್, ಎಸ್‌ಎಸ್‌ಡಿ

16 ಜಿಬಿ, ಎಂಟರ ಎರಡು ಪಟ್ಟಿ. ಒಂದೇ ಹದಿನಾರರ ಪಟ್ಟಿ ಬೇಡ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ರ್ಯಾಮನ್ನೇ ನಂಬಿ ಬದುಕುವುದರಿಂದ ಎರಡು ಪಟ್ಟಿಯ ದಾರಿ ತೆರೆದರೆ ಗೇಮಿನಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುತ್ತದೆ. ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡು, ನಾಲ್ಕನೆಯದಕ್ಕೆ ಹಾಕಿ.

ಎಂ.2 ಜಾಗದಲ್ಲಿ ಕೂರುವ 500 ಜಿಬಿಯ ಎನ್‌ವಿಎಂಇ (ವೇಗದ ಬಗೆಯ) ಎಸ್‌ಎಸ್‌ಡಿ ಸಾಕು. ಫೋಟೊ, ದಾಖಲೆಗೆ ಬೇರೊಂದು ಹಾರ್ಡ್ ಡಿಸ್ಕ್ ತಂದು, ಅದನ್ನು ಕಂಪ್ಯೂಟರಿನಿಂದ ಕಳಚಿ ಅಲ್ಮೇರಾದಲ್ಲಿ ಇಡಿ. ಇದನ್ನು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಹೆಜ್ಜೆ 8: ಗ್ರಾಫಿಕ್ಸ್ ಕಾರ್ಡ್

ಹಾಳೆಯಲ್ಲಿ ಬರೆದ ಕೆಲಸ ಇದನ್ನು ಕೇಳುತ್ತದೆಯೇ? ಕೇಳದಿದ್ದರೆ ಮೊದಲ ವರ್ಷ ಬಿಡಿ, ಒಳ್ಳೆಯ ಎಸ್‌ಎಂಪಿಎಸ್ ಇದ್ದರೆ ಆಮೇಲೆ ಹಾಕಬಹುದು. ಬೇಕೇ ಬೇಕಿದ್ದರೆ 1080ಪಿ ಮಾನಿಟರಿಗೆ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 4060ರ ಮಟ್ಟ ಸಾಕು. ಮೊದಲನೆಯದು 132 ವ್ಯಾಟ್, ಎರಡನೆಯದು 115. ಕಡಿಮೆ ವ್ಯಾಟ್ ಅಂದರೆ ಕೋಣೆಗೆ ಕಡಿಮೆ ಶಾಖ, ಮೇ ತಿಂಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದ ಕೆಲಸ, ಎಡಿಟಿಂಗ್ ಮಾಡುವವರು 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಕೂಡ ನೋಡಲಿ. ಕಾರ್ಡಿನ ಉದ್ದವನ್ನು ಕ್ಯಾಬಿನೆಟ್ಟಿನ ಅಳತೆ ಜೊತೆ ತಾಳೆ ನೋಡಿ.

ಹೆಜ್ಜೆ 9: ಕೊಳ್ಳುವುದು

ಎಲ್ಲಾ ಭಾಗದ ಹೆಸರನ್ನು ಪಿಸಿ ಪಾರ್ಟ್ ಪಿಕರ್ ತಾಣದಲ್ಲಿ ಹಾಕಿದರೆ ಹೊಂದದವನ್ನು ಅದು ತೋರಿಸುತ್ತದೆ. ಆಮೇಲೆ ಎಲ್ಲಿಂದ ತರುವುದು ಅನ್ನುವ ಪ್ರಶ್ನೆ. ಕಂಪ್ಯೂಟರ್ ಅಂಗಡಿಗಳ ಸಾಲೇ ಇರುವ ಬೆಂಗಳೂರಿನ ಎಸ್‌ಪಿ ರಸ್ತೆ ನಮಗೆ ಸುಮಾರು 600 ಕಿ.ಮೀ., ಅಂಥದೇ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ 220ರ ಆಸುಪಾಸು. ಬೀದರಿನವರಿಗೆ ಇನ್ನೂ ಹತ್ತಿರ. ಪ್ರೊಸೆಸರ್, ಕಾರ್ಡ್, ರ್ಯಾಮ್ ಹೈದರಾಬಾದಿನಿಂದ ತಂದರೂ ಯುಪಿಎಸ್, ಮಾನಿಟರ್, ಕ್ಯಾಬಿನೆಟ್ ಊರಿನಲ್ಲೇ ಕೊಳ್ಳಿ. ಭಾರದ ವಸ್ತು ಕೆಟ್ಟರೆ ಬಸ್ಸಿನಲ್ಲಿ ಹೊತ್ತೊಯ್ಯುವುದು ನರಳಾಟ. ಊರಿನ ಅಂಗಡಿಯವರು ಐದಾರುನೂರು ಹೆಚ್ಚು ಹೇಳಿದರೂ ವಾರಂಟಿಗೆ ತಾವೇ ಕಳಿಸಿ ತರಿಸಿಕೊಡುವುದಾದರೆ ಅದು ಉಳಿತಾಯವೇ. "ಅಣ್ಣಾ, ಕೆಟ್ಟರ ನೀವ ಕಳಸ್ತೀರಿ, ಇಲ್ಲಾ ನಾವ ಹೋಗಬೇಕೋ?" ಅಂತ ದುಡ್ಡು ಕೊಡುವ ಮುಂಚೆ ಕೇಳಿ.

ಬಾಕ್ಸ್‌ನಲ್ಲಿ ಬರುವ ಪ್ರೊಸೆಸರಿಗೆ ಮೂರು ವರ್ಷ ವಾರಂಟಿ ಇರುತ್ತದೆ. ಪೆಟ್ಟಿಗೆ ಇಲ್ಲದ ‘ಟ್ರೇ’ ಪ್ರೊಸೆಸರ್ ಅಗ್ಗ ಅಂತ ಕೊಟ್ಟರೆ ವಾರಂಟಿ ಯಾರದು, ಎಷ್ಟು ದಿನ, ಕೂಲರ್ ಇದೆಯೇ ಅಂತ ವಿಚಾರಿಸಿ. ಇಂಟೆಲ್ ಬೋರ್ಡಿನ ಸಾಕೆಟ್ ಮುಚ್ಚಳ ತೆಗೆಸಿ, ಪಿನ್ನು ಬಾಗಿಲ್ಲ ಅಂತ ಅಂಗಡಿಯವರ ಎದುರೇ ಫೋಟೊ ತೆಗೆಯಿರಿ. ಬಾಗಿದ ಪಿನ್ನಿಗೆ ಯಾರೂ ವಾರಂಟಿ ಕೊಡುವುದಿಲ್ಲ.

ಜೋಡಿಸಿದ ಮೊದಲ ವಾರವೇ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ್ಯಾಮ್ ತನ್ನ ಮೇಲೆ ಬರೆದ ವೇಗಕ್ಕೆ ಓಡುವ ಸೆಟ್ಟಿಂಗ್) ಹಾಕಿ, ರಾತ್ರಿಯಿಡೀ ರ್ಯಾಮ್ ಪರೀಕ್ಷೆ ಓಡಿಸಿ. ಮರುದಿನ ಮಧ್ಯಾಹ್ನ ಎರಡು ಗಂಟೆಗೆ, ಬಿಸಿಲು ನೆತ್ತಿಗೇರಿದಾಗ, ಅರ್ಧ ತಾಸು ಪೂರ್ತಿ ಭಾರ ಕೊಟ್ಟು ಉಷ್ಣಾಂಶ ನೋಡಿ. ಕೆಡುವುದಿದ್ದರೆ ಅಂಗಡಿಯವರು ಬದಲಿಸಿ ಕೊಡುವ ದಿನಗಳಲ್ಲೇ ಕೆಡಲಿ.

ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಥರ್ಮಲ್ ಕಾಗದದ ಬಿಲ್ಲಾದರೆ ನಮ್ಮ ಶೆಖೆಗೆ ಎರಡು ಬೇಸಿಗೆಯಲ್ಲಿ ಅಕ್ಷರ ಮಾಸಿ ಬಿಳಿ ಕಾಗದ ಉಳಿಯುತ್ತದೆ. ಮನೆಗೆ ಬಂದ ಸಂಜೆಯೇ ಅದರ ಫೋಟೊ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.